ಪೆಟ್ರೋಲ್ ಮುಚ್ಚಳದ ಕಚ್ಚು

ಹನಿ ನನ್ನ ಮಣಿಕಟ್ಟಿನ ಮೇಲೆ ತಣ್ಣಗೆ ಬಿತ್ತು. ನೋಡುವಷ್ಟರಲ್ಲಿ ಆರಿಹೋಯಿತು.

"ಮತ್ತೆ ಬಿತ್ತು," ಎಂದೆ.

"ಬೀಳ್ಲಿ ಮೇಡಂ. ಕೈ ತೆಗೀಬೇಡಿ," ಎಂದಳು ಹುಡುಗಿ.

ಅವಳು ಆ ಹಳೆಯ ಮೋಟರ್ ಸೈಕಲ್ಲನ್ನು ನನ್ನ ಕಡೆಗೆ ವಾಲಿಸಿ ಹಿಡಿದಿದ್ದಳು. ನಾನು ಟ್ಯಾಂಕಿನ ಕೆಳಗೆ ಕೈಯೊಡ್ಡಿ ಕುಕ್ಕರಗಾಲಿನಲ್ಲಿ ಕೂತಿದ್ದೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ನನ್ನ ಮಂಡಿಗಳು ಕೇಳುತ್ತಿದ್ದವು.

ಇನ್ನೊಂದು ಹನಿ ಮುಚ್ಚಳದ ಅಂಚಿನಲ್ಲಿ ಹುಟ್ಟಿತು. ಟ್ಯಾಂಕಿನ ಹೊಟ್ಟೆಯ ಮೇಲೆ ಅವಸರವಿಲ್ಲದೆ ಜಾರಿತು. ಶೆಡ್ಡಿನ ಅರ್ಧ ತೆರೆದ ಬಾಗಿಲಿನಿಂದ ಬಂದ ಮಧ್ಯಾಹ್ನದ ಬಿಸಿಲು ಅದರೊಳಗೆ ಹೊಕ್ಕು, ಒಂದು ಗಳಿಗೆ ಬಣ್ಣಬಣ್ಣವಾಗಿ ನಿಂತಿತು. ಪೆಟ್ರೋಲ್ ವಾಸನೆಗೆ ನನ್ನ ತಲೆ ಹಗುರವಾಗಿ ತೇಲುತ್ತಿತ್ತು. ಮನೆಯ ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

ಈ ಗಾಡಿಯ ಯಜಮಾನರು, ಅಂದರೆ ಈ ಹುಡುಗಿಯ ಅಪ್ಪ, ಊರಿಗೆಲ್ಲ ಗಡಿಯಾರ ರಿಪೇರಿ ಮಾಡಿಕೊಡುತ್ತಿದ್ದವರು, ಹೋದ ವರ್ಷ ಒಂದು ಸಂಜೆ ಇದನ್ನು ಹಳೇ ಸೇತುವೆಯ ಮೇಲೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಪಕ್ಕದಲ್ಲೇ ಚಪ್ಪಲಿ ಬಿಟ್ಟು ಕಾಣೆಯಾಗಿದ್ದರು. ಹೊಳೆಯಲ್ಲಿ ಎಷ್ಟು ಹುಡುಕಿದರೂ ದೇಹ ಸಿಕ್ಕಿರಲಿಲ್ಲ.

ನಾನು ರೈಲು ನಿಲ್ದಾಣದ ಕಳೆದ ಸಾಮಾನಿನ ಕಚೇರಿಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವಳು. ನಿವೃತ್ತಿಯಾದ ಮೇಲೆ ಕೊಡೆ, ಪೆಟ್ಟಿಗೆಗಳನ್ನು ಬಿಟ್ಟು ಮನುಷ್ಯರನ್ನು ಹುಡುಕಿಕೊಡುತ್ತಿದ್ದೇನೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಈ ಹುಡುಗಿ ನನ್ನ ಮುಂದೆ ಕೂತು ಹೇಳಿದ್ದು ಇಷ್ಟೇ: "ಅಪ್ಪ ಇದ್ದಾರೆ ಅಂದ್ರೆ ಎಲ್ಲಿ ಅಂತ ಹೇಳಿ. ಇಲ್ಲ ಅಂದ್ರೆ ಇಲ್ಲ ಅನ್ನಿ, ಒಂದ್ಸಲ ಅತ್ತು ಮುಗಿಸ್ತೀನಿ. ಹೀಗೆ ಮಧ್ಯದಲ್ಲಿ ನೇತಾಡಿ ಸಾಕಾಗಿದೆ."

ಅವಳಮ್ಮನಿಗೆ ನಾನು ಯಾರೆಂದು ಹೇಳಿಲ್ಲ. ಅಮ್ಮ ದರ್ಜಿ. ಅವರ ಲೆಕ್ಕದಲ್ಲಿ ನಾನು ಕೋಟು ಹೊಲಿಸಿಕೊಳ್ಳಲು ಬಂದ, ಅಳತೆ ಕೊಟ್ಟ ಮೇಲೂ ಮನೆಗೆ ಹೋಗದ ಗಿರಾಕಿ.

"ಪೊಲೀಸರು ಗಾಡಿ ವಾಪಸ್ ಕೊಟ್ಟಾಗ ಟ್ಯಾಂಕಲ್ಲಿ ಎಷ್ಟಿತ್ತು?" ಎಂದು ಕೇಳಿದೆ.

"ಏನೂ ಇರ್ಲಿಲ್ಲ. ನಾನೇ ಬಗ್ಗಿಸಿ ನೋಡಿದ್ದೆ. ಆಮೇಲೆ ಟಾರ್ಪಾಲು ಹೊದಿಸಿ ಬೀಗ ಹಾಕಿದ್ವಿ. ಯಾರೂ ಮುಟ್ಟಿಲ್ಲ."

"ಹಾಗಾದ್ರೆ ಇದೇನು, ಪನ್ನೀರಾ?"

ಬೆಳಿಗ್ಗೆ ಟಾರ್ಪಾಲಿನ ಕೆಳಗೆ ಒದ್ದೆ ಕಲೆ ಕಂಡಾಗಿನಿಂದ ಅವಳ ಮುಖದಲ್ಲಿ ಒಂದು ಹುಚ್ಚು ಆಸೆ ಕೂತಿತ್ತು. ಅದನ್ನು ನೋಡಿಯೂ ನೋಡದವಳ ಹಾಗೆ ಇರುವುದು ನನಗೆ ಕಷ್ಟವಾಗುತ್ತಿತ್ತು.

"ಬೀಗದ ಕೈ ಎಷ್ಟಿವೆ?"

"ಎರಡು. ಒಂದು ಅಡುಗೆಮನೆ ಮೊಳೆಯಲ್ಲಿ ನೇತಾಡ್ತಿರುತ್ತೆ. ಇನ್ನೊಂದು ಪಕ್ಕದ ಮನೆ ಚಿಕ್ಕಪ್ಪನ ಹತ್ರ."

ಪೊಲೀಸರ ಕಣ್ಣಿರುವುದು ಆ ಚಿಕ್ಕಪ್ಪನ ಮೇಲೆಯೇ. ಅಣ್ಣ ಕಾಣೆಯಾಗುವ ಹಿಂದಿನ ದಿನ ಇಬ್ಬರೂ ಇದೇ ಗಾಡಿಯ ಪಕ್ಕ ನಿಂತು ಬೀದಿಗೆಲ್ಲ ಕೇಳುವ ಹಾಗೆ ಜಗಳವಾಡಿದ್ದರು. ಇದನ್ನು ಮಾರಿಬಿಡು, ಇನ್ನು ಮೇಲೆ ನೀನು ಓಡಿಸಬೇಡ ಎಂದು ತಮ್ಮ ಕೂಗಿದ್ದನಂತೆ.

ನಾನು ಮಂಡಿ ಹಿಡಿದುಕೊಂಡು ಎದ್ದೆ. ಗಾಡಿ ಸ್ಟ್ಯಾಂಡಿನ ಮೇಲೆ ನಿಂತ ಮೇಲೆ, ಸುಮ್ಮನೆ ಒಂದು ಆಸೆಗೆ, ಹತ್ತಿ ಕೂತೆ. ಯಾವತ್ತೂ ಬೈಕು ಓಡಿಸಿದವಳಲ್ಲ. ಸೀಟಿನ ಕೆಳಗಿನ ಸ್ಪ್ರಿಂಗುಗಳು ನನ್ನನ್ನು ಮೆಲ್ಲಗೆ ಇಳಿಸಿಕೊಂಡವು. ಹ್ಯಾಂಡಲಿನ ಕನ್ನಡಿಯಲ್ಲಿ ಬಾಗಿಲು ಕಂಡಿತು, ಬಾಗಿಲಾಚೆಯ ಹಿಂದಿನ ಓಣಿ ಕಂಡಿತು, ಒಣಗಲು ಹಾಕಿದ ಬಿಳಿ ಬಟ್ಟೆಗಳು ಅಲ್ಲಿ ಉಬ್ಬಿ ಇಳಿಯುತ್ತಿದ್ದವು. ಎಲ್ಲಿಗೋ ಹೊರಟುಹೋಗಬಹುದು ಎನ್ನಿಸಿತು. ಹಾಗೇ ಸ್ವಲ್ಪ ಹೊತ್ತು ಕೂತೆ.

"ಅಪ್ಪ ಎತ್ತರ ಇದ್ರಾ?"

"ಚಿಕ್ಕಪ್ಪನಷ್ಟೇ. ಅಣ್ಣತಮ್ಮಂದಿರಿಗೆ ಬೀದಿಯಲ್ಲಿ ಏಣಿಗಳು ಅಂತಾನೇ ಹೆಸರು."

ನಾನು ಕುಳ್ಳಿ. ಆದರೂ ಕನ್ನಡಿ ನನ್ನ ಕಣ್ಣಿಗೆ ಅಳೆದು ಕೂರಿಸಿದಂತಿತ್ತು. ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡು ಕೆಳಗಿಳಿದೆ.

"ಮುಚ್ಚಳ ತೆಗಿ," ಎಂದೆ.

ಅವಳು ಎರಡೂ ಬಾಗಿಲು ಪೂರ್ತಿ ತೆರೆದು ಗಾಳಿ ಬಿಟ್ಟಳು. ಹೊಳೆಯುವ ಆ ದುಂಡು ಮುಚ್ಚಳದ ಮೇಲೆ ಅಂಗೈ ಒತ್ತಿ, ಕಾಲು ಸುತ್ತು ತಿರುಗಿಸಿದಳು. ಕಿರ್ ಎಂದಿತು. ಒಳಗಿನ ಹೊಲಿಗೆ ಯಂತ್ರವೂ ಆಗಲೇ ನಿಂತಿತು. ನಾನು ಆ ಕಡೆ ಗಮನ ಕೊಡಲಿಲ್ಲ.

ಟ್ಯಾಂಕ್ ಮುಕ್ಕಾಲಿಗಿಂತ ಹೆಚ್ಚು ತುಂಬಿತ್ತು. ಮುಚ್ಚಳವನ್ನು ಮಗುಚಿದರೆ ಒಳಗೆ ಉಂಗುರದಂಥ ಒಂದು ವಾಷರ್. ರಬ್ಬರಿನದಲ್ಲ, ಕಾರ್ಕಿನದು. ಕೈಯಲ್ಲಿ ಕತ್ತರಿಸಿದ್ದು. ಹೊಸದು.

ಹುಡುಗಿ ಅದನ್ನು ಉಗುರಿನಿಂದ ಎಬ್ಬಿಸಿ ಅಂಗೈಗೆ ಹಾಕಿಕೊಂಡಳು. ನೋಡುತ್ತಾ ನೋಡುತ್ತಾ ಅವಳ ಕಣ್ಣು ತುಂಬಿತು.

"ಮೇಡಂ, ಕಚ್ಚು ಇದೆ."

"ಏನು ಕಚ್ಚು?"

"ಈ ಮುಚ್ಚಳಕ್ಕೊಂದು ಸಣ್ಣ ತೂತಿದೆ, ನೋಡಿ ಇಲ್ಲಿ. ಪೆಟ್ರೋಲ್ ಇಳಿದ ಹಾಗೆ ಒಳಗೆ ಗಾಳಿ ಬರ್ಬೇಕು. ಇಲ್ಲಾಂದ್ರೆ ಗಾಡಿ ನಿಂತುಬಿಡುತ್ತೆ. ಅಗಲದ ವಾಷರ್ ಹಾಕಿದ್ರೆ ತೂತು ಮುಚ್ಚಿಹೋಗುತ್ತೆ. ಅದಕ್ಕೇ ಅಪ್ಪ ವಾಷರಿನ ಅಂಚನ್ನ ಚೂರೇ ಕತ್ತರಿಸಿ ಒಂದು ಕಚ್ಚು ಹಾಕೋರು. ಗಾಡಿನೂ ಉಸಿರಾಡ್ಬೇಕು ಕಣೇ ಅನ್ನೋರು. ಬೇರೆ ಯಾರೂ ಹಾಕಲ್ಲ. ಬೇರೆಯವರಿಗೆ ಇದು ಗೊತ್ತೇ ಇಲ್ಲ."

ಅವಳು ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗಿಟ್ಟುಕೊಂಡಳು. ಆಮೇಲೆ ನಿಧಾನವಾಗಿ ಅದನ್ನು ಕೆಳಗಿಳಿಸಿದಳು. ಮುಖ ಬಾಡಿತು.

"ಇದು ಅಪ್ಪ ಮಾಡಿದ್ದಲ್ಲ."

"ಯಾಕೆ?"

"ಕಚ್ಚು ಹೊರಗಿನ ಅಂಚಿಗಿದೆ. ತೂತು ಇರೋದು ಒಳಗಡೆ. ಒಳಗಿನ ಅಂಚಿಗೆ ಹಾಕ್ಬೇಕು. ಹೊರಗೆ ಹಾಕಿದ್ರೆ ಪೆಟ್ರೋಲಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಸೋರ್ತಿರೋದೇ ಇದರಿಂದ." ವಾಷರನ್ನು ನನ್ನ ಕೈಗೆ ಕೊಟ್ಟಳು. "ಅಪ್ಪಂಗೆ ಈ ತಪ್ಪು ಮಾಡು ಅಂದ್ರೂ ಬರಲ್ಲ."

ಯಾರೋ ಅಪ್ಪನ ಪಕ್ಕ ನಿಂತು ನೋಡಿದ್ದಾರೆ. ಕಚ್ಚು ಇದೆ ಎಂಬುದು ನೆನಪಿದೆ, ಯಾಕಿದೆ ಎಂಬುದು ಗೊತ್ತಿಲ್ಲ. ಅಂಥವರೊಬ್ಬರು ಈ ಗಾಡಿಯನ್ನು ಹೊರಗೆ ಒಯ್ಯುತ್ತಿದ್ದಾರೆ. ನಾನು ಇಷ್ಟು ಯೋಚಿಸುವ ಹೊತ್ತಿಗೆ ಬಾಗಿಲಿನ ಬಿಸಿಲಿಗೆ ಅಡ್ಡವಾಗಿ ಉದ್ದನೆಯ ನೆರಳೊಂದು ಬಿತ್ತು.

"ಅಣ್ಣ ಬಂದಿದ್ದಾನಾ?"

ಚಿಕ್ಕಪ್ಪ. ಬೇಕರಿಯ ವ್ಯಾನ್ ಓಡಿಸುವವರು. ನಸುಕಿಗೇ ಬ್ರೆಡ್ ಹಂಚಿ ಬಂದು ಮಧ್ಯಾಹ್ನ ಮಲಗುತ್ತಾರೆ. ಕೆನ್ನೆಯ ಮೇಲೆ ಇನ್ನೂ ದಿಂಬಿನ ಗೆರೆ ಇತ್ತು. ಹಿಟ್ಟಿನ ವಾಸನೆ ಅವರ ಜೊತೆಗೇ ಒಳಗೆ ಬಂತು.

"ಹೊಳೆ ಪಾಲಾದವರು ಬಂದಿದ್ದಾರೆ ಅಂತ ನಿಮಗ್ಯಾಕೆ ಅನ್ನಿಸ್ತು?" ಎಂದೆ. ಗಿರಾಕಿಯ ವೇಷವನ್ನು ಅಲ್ಲೇ ಕಳಚಿಟ್ಟೆ.

ಅವರು ನನ್ನನ್ನು ನೋಡಿದರು, ಅಣ್ಣನ ಮಗಳನ್ನು ನೋಡಿದರು, ತೆರೆದ ಟ್ಯಾಂಕನ್ನು ನೋಡಿದರು. ಮಗುಚಿಟ್ಟ ಬಕೆಟ್ಟಿನ ಮೇಲೆ ಕುಸಿದು ಕೂತರು.

"ಮುಚ್ಚಳದ ಸದ್ದು ಕೇಳಿಸ್ತು. ಅದಕ್ಕೆ."

"ಅಷ್ಟಕ್ಕೇ?"

"ಹೇಳಿದ್ರೆ ನಗ್ತೀರಿ. ಒಂದೊಂದು ಮಧ್ಯಾಹ್ನ ಮಲಗಿದಾಗ ಈ ಗಾಡಿ ಸ್ಟಾರ್ಟ್ ಆಗೋ ಸದ್ದು ಕೇಳುತ್ತೆ ನಂಗೆ. ಓಣಿಯಲ್ಲಿ ಹೋಗುತ್ತೆ, ತಿರುವಿನಲ್ಲಿ ಸಣ್ಣಗಾಗುತ್ತೆ. ಅಣ್ಣ ಹೊರಟ ಅಂದ್ಕೊಂಡು ಮಗ್ಗುಲು ಬದಲಾಯಿಸ್ತೀನಿ. ಎದ್ದು ಬಂದು ನೋಡಿದ್ರೆ ಬೀಗ ಹಾಕಿರುತ್ತೆ. ಕನಸು."

"ಚಿಕ್ಕಪ್ಪ, ನಂಗೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ ಪುಟ್ಟಿ? ಪೊಲೀಸರ ಕಿವಿಗೆ ಬಿದ್ರೆ, ಕೊಂದವನಿಗೆ ಕನಸು ಬೀಳ್ತಿದೆ ಅಂತಾರೆ."

ನನಗೆ ಆ ಮನುಷ್ಯನ ಮೇಲೆ ಕನಿಕರ ಹುಟ್ಟಿತು. ಪತ್ತೇದಾರಿ ಕೆಲಸಕ್ಕೆ ಕನಿಕರ ಒಳ್ಳೆಯದಲ್ಲ. ಆದರೂ ಹುಟ್ಟಿತು.

"ಕನಸಲ್ಲಿ ಗಾಡಿ ಹೇಗೆ ಓಡುತ್ತೆ?" ಎಂದು ಕೇಳಿದೆ.

ಇಂಥ ಪ್ರಶ್ನೆ ಅವರಿಗೆ ಯಾರೂ ಕೇಳಿರಲಿಲ್ಲ. ಕಣ್ಣು ಮುಚ್ಚಿ ಯೋಚಿಸಿದರು. "ತಡವರಿಸ್ಕೊಂಡು. ಅಣ್ಣ ಓಡಿಸೋ ಹಾಗಲ್ಲ. ಗೇರು ಹಾಕುವಾಗ ಕರ್ ಅನ್ನುತ್ತೆ. ಕನಸಲ್ಲಾದ್ರೂ ಸರಿಯಾಗಿ ಓಡಿಸ್ಬಾರ್ದಾ ಅಂತ ಬೈಕೊಳ್ತೀನಿ."

"ಸ್ವಲ್ಪ ಗಾಡಿ ಮೇಲೆ ಕೂತ್ಕೊಳ್ಳಿ."

ಕೂತರು. ಕನ್ನಡಿಯಲ್ಲಿ ಏನು ಕಾಣುತ್ತದೆ ಎಂದು ಕೇಳಿದೆ. "ನನ್ನ ಅಂಗಿ ಗುಂಡಿ," ಎಂದರು. ಅಲ್ಲಿಗೆ ಅವರ ಮೇಲಿದ್ದ ನನ್ನ ಅನುಮಾನ ಮುಗಿಯಿತು.

"ಜಗಳ ಯಾಕಾಡಿದ್ರಿ ಅವತ್ತು?"

"ಹಿಂದಿನ ವಾರ ದೀಪದ ಕಂಬಕ್ಕೆ ಗುದ್ದಿದ್ದ. ಹಗಲಲ್ಲಿ. ಹೆದರಿಕೆಯಾಯ್ತು ನಂಗೆ. ಇದನ್ನ ಕೊಟ್ಬಿಡು ಅಂದೆ." ಇಳಿದು ಮತ್ತೆ ಬಕೆಟ್ಟಿನ ಮೇಲೆ ಕೂತು ಗೋಡೆಗೊರಗಿದರು. "ಪೆಟ್ರೋಲ್ ವಾಸನೆ ಇಲ್ಲೂ ಇದೆಯಲ್ಲ. ನಮ್ಮ ವ್ಯಾನಲ್ಲಂತೂ ಬಿಡಿ, ಬ್ರೆಡ್ಡಿಗೇ ಹತ್ತಿಬಿಡುತ್ತೆ. ಅತ್ತಿಗೆ ಬಟ್ಟೆ ಕಲೆ ತೆಗೆಯೋಕೆ ಅಂತ ನನ್ನ ಕೈಲೇ ಕ್ಯಾನಲ್ಲಿ ತರಿಸ್ತಾನೇ ಇರ್ತಾರೆ."

ಇಲ್ಲಿ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಆ ಬಿಸಿಲು, ಆ ವಾಸನೆ, ಮತ್ತೆ ಶುರುವಾದ ಹೊಲಿಗೆ ಯಂತ್ರದ ಜೋಗುಳ, ಎಲ್ಲ ಸೇರಿ ನನ್ನ ಬುದ್ಧಿಗೆ ಮಂಪರು ಹಿಡಿಸಿದ್ದವು. ಚಿಕ್ಕಪ್ಪನಂತೂ ಗೋಡೆಗೊರಗಿದ ಹಾಗೆಯೇ ನಿದ್ದೆಗೆ ಜಾರಿದರು. ತಾವು ಕೇಳಿದ್ದು ಕನಸಲ್ಲ, ನಿಜವಾದ ಸದ್ದು ಎಂದು ತಿಳಿದ ನೆಮ್ಮದಿಯೋ ಏನೋ.

ಹುಡುಗಿ ಕೆಲಸ ಮುಂದುವರಿಸಿದಳು. "ಸೋರೋದನ್ನ ಹಾಗೇ ಬಿಡೋಕಾಗಲ್ಲ ಮೇಡಂ. ಯಾರಾದ್ರೂ ಓಡಿಸ್ಲಿ, ಬೆಂಕಿ ಹತ್ತಿದ್ರೆ?"

ಅಪ್ಪನ ಡ್ರಾಯರಿನಲ್ಲಿ ಕಾರ್ಕಿನ ಹಾಳೆ ಇತ್ತು. ಒಂದು ತುಂಡನ್ನು ಬಿಸಿನೀರಿನಲ್ಲಿ ನೆನೆಹಾಕಿದಳು, ಕತ್ತರಿಸುವಾಗ ಒಡೆಯದಿರಲಿ ಎಂದು. ಅದು ಮೆತ್ತಗಾಗುವ ತನಕ ಮುಚ್ಚಳದ ಅಂಚನ್ನು ಗಾಜಿನ ಮೇಲೆ ಹರಡಿದ ಉಪ್ಪುಕಾಗದಕ್ಕೆ ಇಟ್ಟು ಸುತ್ತಸುತ್ತ ಉಜ್ಜಿದಳು. ತಗ್ಗು ಇದ್ದಲ್ಲಿ ಕಪ್ಪಾಗಿಯೇ ಉಳಿಯಿತು, ಮತ್ತೆ ಉಜ್ಜಿದಳು, ಉಂಗುರ ಪೂರ್ತಿ ಬೆಳಗಿತು. ಕನ್ನಡಕದ ಕಾಲಿಗೆ ಹಾಕುವ ತೆಳು ತಂತಿಯಿಂದ ಗಾಳಿತೂತನ್ನು ಬಿಡಿಸಿದಳು. ಆಮೇಲೆ ಅಪ್ಪನ ಕೈವಾರ ತೆಗೆದಳು. ಅದರ ಪೆನ್ಸಿಲ್ ಜಾಗದಲ್ಲಿ ಬ್ಲೇಡಿನ ಚೂರು ಕಟ್ಟಿತ್ತು. ಮೊದಲು ಹೊರಗಿನ ವೃತ್ತ, ಆಮೇಲೆ ಒಳಗಿನದು. ಕೊನೆಗೆ ಒಳ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಚ್ಚು.

ನೋಡುತ್ತಾ ನಿಂತ ನನಗೆ ಅವಳ ಕೈಗಳಲ್ಲಿ ಇನ್ನೊಬ್ಬರ ಕೈಗಳು ಕಂಡವು. ಆ ಮನೆಯಲ್ಲಿ ಈಗ ಗಡಿಯಾರಗಳಿಗೆ ಯಾರೂ ಕೀಲಿ ಕೊಡುವುದಿಲ್ಲ. ಹೊತ್ತು ಎಷ್ಟಾಯಿತೆಂದು ಕೇಳಿದರೆ ಒಂದೊಂದು ಗೋಡೆ ಒಂದೊಂದು ಉತ್ತರ ಕೊಡುತ್ತದೆ. ಅಪ್ಪನ ಕೈ ಮಾತ್ರ ಇನ್ನೂ ಕೆಲಸ ಮಾಡುತ್ತಿತ್ತು.

"ಹೋಗೋಕೆ ಸ್ವಲ್ಪ ಮುಂಚೆ ಅಪ್ಪನ ಕಣ್ಣು ಟೆಸ್ಟ್ ಮಾಡಿದ್ದೆ," ಎಂದಳು, ತಲೆಯೆತ್ತದೆ. "ಹೊಸ ಕನ್ನಡಕ ಮಾಡಿಟ್ಟಿದ್ದೆ. ನಾಳೆ ಬರ್ತೀನಿ, ನಾಳೆ ಬರ್ತೀನಿ ಅಂದ್ರು. ಅಂಗಡಿ ಕಡೆ ತಲೆನೇ ಹಾಕ್ಲಿಲ್ಲ. ಇನ್ನೂ ನನ್ನ ಡ್ರಾಯರಲ್ಲೇ ಇದೆ."

ನಾನು ಮುಚ್ಚಳವನ್ನು ಅವಳ ಕೈಗೆ ಕೊಟ್ಟೆ.

ವಾಷರ್ ಕೂತಿತು. ಮುಚ್ಚಳ ಈಗ ಗಟ್ಟಿಯಾಗಿ ತಿರುಗಿತು. "ಸೋರುತ್ತಾ ಇಲ್ವಾ ನೋಡ್ಬೇಕು. ಅಂಚಿಗೆ ಸೀಮೆಸುಣ್ಣದ ಪುಡಿ ಹಚ್ಚಿದ್ರೆ ಒಂಚೂರು ಒದ್ದೆಯಾದ್ರೂ ಕಾಣುತ್ತೆ. ಅಮ್ಮನ ಹತ್ರ ಗುರುತು ಹಾಕೋ ಸುಣ್ಣ ಇರುತ್ತೆ, ಇಸ್ಕೊಂಡು ಬರ್ತೀರಾ ಮೇಡಂ?"

ಹಳೆಯ ವಾಷರನ್ನು ಮುಷ್ಟಿಯಲ್ಲಿಟ್ಟುಕೊಂಡೇ ಒಳಗೆ ಹೋದೆ.

ಅಮ್ಮನ ಹೊಲಿಗೆ ಕೋಣೆಯಲ್ಲಿ ಕಿಟಕಿ ತೆರೆದಿತ್ತು. ಗೋಡೆಯುದ್ದಕ್ಕೂ ಮೊಳೆಗಳಿಗೆ ಕಂದು ಕಾಗದದ ನಮೂನೆಗಳು ನೇತುಬಿದ್ದಿದ್ದವು. ತೋಳು, ಬೆನ್ನು, ಕಾಲರು. ಗಾಳಿಗೆ ಅವೆಲ್ಲ ಒಟ್ಟಿಗೆ ಅಲುಗಿದವು. ಬೀದಿಯ ಜನರೆಲ್ಲ ದೇಹ ಬಿಟ್ಟು ಇಲ್ಲಿ ಬಂದು ಸೇರಿದ್ದಾರೆ ಎನ್ನಿಸಿತು. ಕೊನೆಯ ಮೊಳೆಯಲ್ಲಿ ನನ್ನ ಕೋಟಿನ ಕಾಗದವೂ ಇತ್ತು.

"ಸುಣ್ಣ ಬೇಕಂತೆ," ಎಂದೆ.

"ತಗೊಳ್ಳಿ," ಎಂದರು ಅಮ್ಮ. ಯಂತ್ರ ನಿಲ್ಲಿಸಲಿಲ್ಲ.

ನಾನು ತೆಗೆದುಕೊಳ್ಳಲಿಲ್ಲ. ನನ್ನ ಕೋಟಿನ ಕಾಗದವನ್ನೇ ನೋಡುತ್ತಿದ್ದೆ. ಭುಜದ ಹತ್ತಿರ, ಕಂಕುಳ ಹತ್ತಿರ, ಹೊರ ಅಂಚಿನಲ್ಲಿ ಪುಟ್ಟ ಪುಟ್ಟ ತ್ರಿಕೋನಗಳನ್ನು ಕತ್ತರಿಸಿ ತೆಗೆದಿತ್ತು. ಮಂಪರು ಹರಿದುಹೋಯಿತು.

"ಈ ಕಚ್ಚು ಯಾಕೆ?"

"ಅದು ಗುರುತು. ತೋಳಿನ ಕಚ್ಚು, ಮೈಯ ಕಚ್ಚು ಎರಡೂ ಸೇರ್ಬೇಕು. ಇಲ್ಲಾಂದ್ರೆ ತೋಳು ತಿರುಚಿಕೊಳ್ಳುತ್ತೆ."

"ಯಾವಾಗ್ಲೂ ಹೊರಗಿನ ಅಂಚಿಗೇನಾ?"

"ಮತ್ತೆಲ್ಲಿಗೆ ಹಾಕ್ತಾರೆ? ಒಳಗೆ ಹಾಕಿದ್ರೆ ಬಟ್ಟೆ ತೂತಾಗಲ್ವಾ? ಹುಡುಗಿಯಾಗಿದ್ದಾಗಿಂದ ಹಾಕಿ ಹಾಕಿ, ಈಗ ಕತ್ತರಿ ತಾನಾಗೇ ಹೊರಗಡೆ ಹೋಗುತ್ತೆ."

ಗಿರಾಕಿಗಳು ಹಾಕಿ ನೋಡುವ ಉದ್ದ ಕನ್ನಡಿ ಎದುರಿಗಿತ್ತು. ಅಮ್ಮ ಕತ್ತರಿಗಾಗಿ ಎದ್ದು ನನ್ನ ಪಕ್ಕ ಬಂದರು. ಕನ್ನಡಿಯಲ್ಲಿ ನಮ್ಮಿಬ್ಬರ ತಲೆಗಳು ಒಂದೇ ಗೆರೆಯಲ್ಲಿ ನಿಂತವು.

ನಾನು ಮುಷ್ಟಿ ಬಿಚ್ಚಿದೆ. ಕಾರ್ಕಿನ ಉಂಗುರ ಅಂಗೈಯಲ್ಲಿ ಒದ್ದೆಯಾಗಿ ಹೊಳೆಯಿತು.

ಅವರು ಅದನ್ನು ನೋಡಿದರು. ಬೆಚ್ಚಲಿಲ್ಲ. ಕತ್ತರಿಯನ್ನು ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟರು.

"ಕೋಟು ಹೊಲಿಸ್ಕೊಳ್ಳೋಕೆ ಬಂದವರು ಇಷ್ಟು ದಿನ ಶೆಡ್ಡಲ್ಲೇ ಯಾಕೆ ಸುತ್ತಾಡ್ತಿದ್ದಾರೆ ಅಂತ ನಾನೂ ನೋಡ್ತಾನೇ ಇದ್ದೆ."

"ಬೈಕು ಯಾವಾಗ ಕಲಿತ್ರಿ?"

"ಮದುವೆಯಾದ ಹೊಸದ್ರಲ್ಲಿ. ಅವರೇ ಕಲಿಸಿದ್ರು. ಮಗಳು ಹುಟ್ಟಿದ ಮೇಲೆ ಬಿಟ್ಟೆ. ಗೇರು ಇನ್ನೂ ಸರಿಯಾಗಿ ಬೀಳಲ್ಲ."

"ಯಾಕೆ ಮುಚ್ಚಿಟ್ರಿ? ಎಲ್ಲಿಗೆ ಹೋಗ್ತೀರಿ?"

ಅವರು ನನ್ನ ಅಂಗೈಯಿಂದ ವಾಷರನ್ನು ಎತ್ತಿಕೊಂಡರು. ಹೆಬ್ಬೆರಳಿನಿಂದ ಆ ಕಚ್ಚನ್ನು ಒಮ್ಮೆ ಸವರಿದರು. ಮುಖದ ಮೇಲೆ ಸಣ್ಣ ನಗು ಬಂತು, ಗಂಡನಿಂದ ಬೈಸಿಕೊಂಡ ಹೆಂಗಸು ಗೆಳತಿಯ ಹತ್ತಿರ ಹೇಳಿಕೊಳ್ಳುವಾಗ ಬರುವಂಥದ್ದು.

"ಕಚ್ಚು ಒಳಗಡೆ ಹಾಕ್ಬೇಕಿತ್ತು ಅಂತ ಮೊನ್ನೆ ಅವರೇ ಬೈದ್ರು. ಹೀಗೇ ಬೆರಳಾಡಿಸಿ ನೋಡಿ."

ಗೋಡೆಯ ಕಾಗದಗಳೆಲ್ಲ ಮತ್ತೊಮ್ಮೆ ಅಲುಗಿ ನಿಂತವು.

"ಕನಸಿನಲ್ಲಾ?" ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು.

"ಕನಸಲ್ಲಿ ಬೈಸಿಕೊಳ್ಳೋಕೆ ಪೆಟ್ರೋಲ್ ಬೇಕಾ?"

ಹಿಂದೆ ಏನೋ ಕದಲಿತು. ತಿರುಗಿದೆ. ಸುಣ್ಣಕ್ಕೆ ಕಾದು ಸಾಕಾಗಿ ಹುಡುಗಿ ತಾನೇ ಬಂದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಕೈಗೆಲ್ಲ ಕಾರ್ಕಿನ ಪುಡಿ ಮೆತ್ತಿತ್ತು. ಅವಳು ಅಳಲಿಲ್ಲ, ನಗಲೂ ಇಲ್ಲ. ಅಮ್ಮನ ಮುಂದೆ ಬಂದು ನಿಂತು, ಚಿಕ್ಕ ಮಗುವಿನ ಹಾಗೆ ಅವರ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಅಳತೆಪಟ್ಟಿಯ ಎರಡೂ ತುದಿ ಹಿಡಿದುಕೊಂಡಳು.

"ಅಪ್ಪ ಇದ್ದಾರಾ ಅಮ್ಮ?"

"ಇದ್ದಾರೆ."

"ನನ್ನೂ ಕರ್ಕೊಂಡು ಹೋಗು. ಮುಚ್ಚಳ ಸರಿ ಮಾಡಿದ್ದೀನಿ. ಈಗಲೇ ಹೋಗೋಣ."

ಅಮ್ಮ ಮಗಳ ಬೆರಳುಗಳಿಂದ ಕಾರ್ಕಿನ ಪುಡಿಯನ್ನು ಒಂದೊಂದಾಗಿ ಒರೆಸಿದರು. ಆಮೇಲೆ ಆ ಕೈಗಳನ್ನು ಬಿಡಿಸಿ, ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಎಲ್ಲರನ್ನೂ ಕರ್ಕೊಂಡು ಬಾ ಅಂದಿದ್ದಾರೆ. ನಿನ್ನ ಚಿಕ್ಕಪ್ಪನ್ನ ಕೂಡ," ಎಂದರು. "ಆದ್ರೆ ನೀನು ಬರಬಾರ್ದು. ನೀನು ಮಾಡಿಟ್ಟ ಕನ್ನಡಕ ಹಾಕಿದ್ರೂ ಇನ್ನು ಅವರಿಗೇನೂ ಕಾಣಲ್ಲ. ಅವರು ಬಚ್ಚಿಟ್ಟುಕೊಂಡಿರೋದು ನಿನ್ನೊಬ್ಬಳಿಂದ ಕಣೇ."